ಆಪರೇಶನ್ ಪಾಳಿ: ಹಸಿದು ಕುಂತವರ ಲೆಕ್ಕ ಇಟ್ಟವರಾರು?

ಧಾರವಾಡ ಸಿಬಿಟಿಯಲ್ಲಿ ಕೆಲಗೇರಿ ಬಸ್ಸಿಗಾಗಿ ನಿಂತಿದ್ದೆವು. ಸಂಜೆ ನಾಲ್ಕೂವರೆ ಆಗಿತ್ತು. ನಮ್ಮ ಓಣಿಯ ಕಾಕಾ ಒಬ್ಬರು ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಕೈಯಲ್ಲಿ ದವಾಖಾನೆಯ ಫೈಲು, ಮಗನ ಬಗಲಲ್ಲಿ ಚಾದರ, ತಂಬಿಗೆ, ಸ್ಟೀಲಿನ ಡಬ್ಬಿ. ಅಂದು ಮುಂಜಾನೆ ಅವರಿಗೆ ಹರ್ನಿಯಾ ಆಪರೇಶನ್ ಎಂದು ಓಣಿಗೆಲ್ಲ ಗೊತ್ತಿತ್ತು.

‘ಏನ ಕಾಕಾ, ಇಷ್ಟ ಲಗೂನ ಬಿಟ್ರು?’ ಎಂದು ಕೇಳಿದೆವು.

‘ಹಿಡಕೊಂಡ್ರಲ್ಲೇನ ತಮ್ಮಾ ಬಿಡೂದು? ಮುಟ್ಟೇ ಇಲ್ಲ. ನಂದು ನಾಲ್ಕನೇ ಪಾಳಿ ಇತ್ತು. ನಡಬರಕ ಮೋಟರಸೈಕಲ್ ಅಪಘಾತದ ಹುಡುಗನ್ನ ತಂದ್ರು. ಪಾಪ, ಅವನ್ನ ಬಿಟ್ಟ ನನ್ನ ತಗೊಳ್ಳಾಕ ಆಗ್ತೈತೇನ? ಮೂರೂವರಿಗೆ ಬಂದು, ಅಜ್ಜಾರ, ಇವತ್ತ ಆಗೂದಿಲ್ಲ, ಸೋಮವಾರ ಬರ್ರಿ ಅಂದ್ರು.’

ರಾತ್ರಿ ಹತ್ತರಿಂದ ಕಾಕಾನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಂದು ಗುಟುಕು ನೀರೂ ಇಲ್ಲ. ಹದಿನೇಳೂವರೆ ತಾಸು! ಅದೂ ಮೊದಲ ಸಲ ಅಲ್ಲ, ಇದು ಎರಡನೆಯದು. ಮಗ ಕಿರಾಣಿ ಅಂಗಡಿಯಲ್ಲಿ ದಿನಗೂಲಿಗೆ ಇರುವವನು. ಹಿಂದಿನ ಸಲ ಎರಡು ದಿನದ ಪಗಾರ ಹೋಗಿತ್ತು, ಈ ಸಲ ಮತ್ತೆರಡು. ಬಸ್ಸು ಬಂತು. ಕಾಕಾನಿಗೆ ಯಾರೋ ಪುಣ್ಯಾತ್ಮರು ಸೀಟು ಬಿಟ್ಟುಕೊಟ್ಟರು. ಬಾಳೆಹಣ್ಣು ಸುಲಿಯುತ್ತ ಕಾಕಾ ಅಂದ ಮಾತು ಇಷ್ಟೇ: ‘ಅಲ್ಲ ತಮ್ಮಾ, ಅವರಿಗೆ ಮುಂಜಾನಿನ ಗೊತ್ತಾಗಾಣಿಲ್ಲೇನ, ಈ ಮುದುಕನ ಪಾಳಿ ಇವತ್ತ ಬರೂದಿಲ್ಲಂತ?’

ಯಾವ ದವಾಖಾನೆ, ಸರಕಾರಿಯೋ ಖಾಸಗಿಯೋ ಎಂದು ಓದುಗರು ಕೇಳಬಾರದು. ನಾವೂ ಹೇಳುವುದಿಲ್ಲ. ಇದು ಒಂದು ದವಾಖಾನೆಯ ಕಥೆ ಅಲ್ಲ, ಜಗತ್ತಿನ ಎಲ್ಲ ಊರುಗಳ ಕಥೆ. ಡಾಕ್ಟರರ ತಪ್ಪೂ ಇದಲ್ಲ. ಸಾಯುವವನನ್ನು ಬಿಟ್ಟು ಹರ್ನಿಯಾ ಹೊಲಿಯುತ್ತ ಕೂಡ್ರುವ ಡಾಕ್ಟರು ನಮಗೂ ಬೇಡ. ಆದರೆ ಕಾಕಾ ಕೇಳಿದ ಪ್ರಶ್ನೆ ನಮ್ಮ ತಲೆಯಿಂದ ಇಳಿಯಲಿಲ್ಲ. ಮುಂಜಾನೆಯೇ ಗೊತ್ತಾಗುವ ದಾರಿ ಇದೆಯೇ?

ಇದೆ ಅನ್ನುತ್ತದೆ ವಿಜ್ಞಾನ. ಗಣಕಯಂತ್ರದೊಳಗೆ ಒಂದು ಹುಸಿ ದವಾಖಾನೆ ಕಟ್ಟಿ, ಅದರಲ್ಲಿ ಹುಸಿ ರೋಗಿಗಳನ್ನು ಸಾವಿರ ದಿನ ಓಡಾಡಿಸಿ, ಯಾವ ಪಾಳಿ ಹಚ್ಚಿದರೆ ಯಾರಿಗೆ ಎಷ್ಟು ಕಾಯುವುದು ಬರುತ್ತದೆಂದು ಮೊದಲೇ ನೋಡುವ ವಿದ್ಯೆ ಅದು. ಕಂಪ್ಯೂಟರ್ ಸಿಮ್ಯುಲೇಶನ್ ಎಂದು ಅದರ ಹೆಸರು. ನಾವು ‘ಹುಸಿ ಓಟ’ ಎನ್ನೋಣ.

ಗಲ್ಲೆ ಮೇಲೆ ಕುಂತವರಿಗೆ ಗೊತ್ತಿರುವ ಗುಟ್ಟು

ಅಂಗಡಿಕಾರರೇ, ಈ ಮಾತು ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಲೈನ್ ಬಜಾರದ ಫೇಡಾ ಅಂಗಡಿ ಮುಂದೆ ಪಾಳಿ ಹಚ್ಚಿದವರಿಗೂ ಇದು ಗೊತ್ತು. ಗಿರಾಕಿಗಳು ಹೇಳಿ ಕಳಿಸಿ ಬರುವುದಿಲ್ಲ. ಅರ್ಧ ತಾಸು ನೊಣ ಹೊಡೆಯುತ್ತ ಕೂಡ್ರಬೇಕು, ಆಮೇಲೆ ಒಮ್ಮೆಲೇ ಎಂಟು ಮಂದಿ. ಒಬ್ಬರಿಗೆ ಒಂದು ಬೆಂಕಿಪೆಟ್ಟಿಗೆ ಸಾಕು, ಇನ್ನೊಬ್ಬರದು ಮದುವೆಯ ಪಟ್ಟಿ.

ಡೆನ್ಮಾರ್ಕಿನ ಕೋಪನ್‌ಹೇಗನ್ ಊರಿನ ಟೆಲಿಫೋನ್ ಕಂಪನಿಯಲ್ಲಿ ಏರ್ಲಾಂಗ್ ಎಂಬ ಲೆಕ್ಕದ ಮನುಷ್ಯ ಇದ್ದ. ಫೋನ್ ಕರೆಗಳ ಪಾಳಿಯ ಬಗ್ಗೆ ಅವನು ತನ್ನ ಮೊದಲ ಲೇಖನ ಬರೆದದ್ದು 1909ರಲ್ಲಿ. ಆ ದಾರಿಯಲ್ಲಿ ಬೆಳೆದ ಲೆಕ್ಕ ಹೀಗಿದೆ. ಅಂಗಡಿಯಲ್ಲಿ ನೀವೊಬ್ಬರೇ. ಗಿರಾಕಿಗೆ ಸರಾಸರಿ 5 ನಿಮಿಷ. ಯಾರು ಯಾವಾಗ ಬರುತ್ತಾರೆ, ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎರಡೂ ದೈವದ ಕೈಯಲ್ಲಿ. ದಿನದಲ್ಲಿ ಅರ್ಧ ಹೊತ್ತು ನಿಮಗೆ ಕೆಲಸ ಇದ್ದರೆ ಗಿರಾಕಿ ಸರಾಸರಿ 5 ನಿಮಿಷ ಕಾಯುತ್ತಾನೆ. ನೂರಕ್ಕೆ 80 ಹೊತ್ತು ಕೆಲಸ ಇದ್ದರೆ 20 ನಿಮಿಷ. ನೂರಕ್ಕೆ 90 ಆದರೆ 45 ನಿಮಿಷ. ನೂರಕ್ಕೆ 95 ಆದರೆ 95 ನಿಮಿಷ!

ಗಮನಿಸಿದಿರಾ? 80ರಿಂದ 95ಕ್ಕೆ ಏರಿದ್ದು ಬರೇ ಹದಿನೈದು. ಕಾಯುವುದು ಏರಿದ್ದು ಸುಮಾರು ಐದು ಪಟ್ಟು. ಕೈ ಖಾಲಿ ಇರಬಾರದು, ಯಂತ್ರ ಖಾಲಿ ಇರಬಾರದು, ಕೋಣೆ ಖಾಲಿ ಇರಬಾರದು ಎಂದು ಹಟ ಹಿಡಿದಷ್ಟೂ ಪಾಳಿ ಹನುಮಂತನ ಬಾಲ ಆಗುತ್ತದೆ. ಆಪರೇಶನ್ ಥಿಯೇಟರಿನಲ್ಲಿಯೂ ನಡೆಯುವುದು ಇದೇ.

ಲುಡೋ ದಾಳ ತಗೊಂಡು ನೋಡ್ರಿ

ಕಂಪ್ಯೂಟರ್ ಬೇಡ. ಮನೆಯಲ್ಲಿ ಹುಡುಗರ ಲುಡೋ ಇದ್ದರೆ ಒಂದು ದಾಳ ತೆಗೆದುಕೊಳ್ಳಿ. ಊಹೆಯ ಒಂದು ಥಿಯೇಟರ್ ಕಟ್ಟೋಣ. ಮುಂಜಾನೆ 9ಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ 4ಕ್ಕೆ ಮುಚ್ಚುತ್ತದೆ. ಒಟ್ಟು 420 ನಿಮಿಷ. ಒಂದು ಆಪರೇಶನ್‌ಗೆ ಸರಾಸರಿ 90 ನಿಮಿಷ. ಎರಡರ ನಡುವೆ ತೊಳೆದು ಬಳಿದು ಸಜ್ಜು ಮಾಡಲು 20 ನಿಮಿಷ. ನಾಲ್ಕು ಆಪರೇಶನ್‌ಗೆ 360, ನಡುವಿನ ಮೂರು ತೊಳೆಯುವಿಕೆಗೆ 60, ಕೂಡಿಸಿದರೆ 420. ಕಾಗದದ ಮೇಲೆ ಎಷ್ಟು ಚಂದ ಕೂತಿತು ನೋಡಿ! ಆದ್ದರಿಂದಲೇ ಕಾಗದ ಬರೆಯುವವರು ದಿನಕ್ಕೆ ನಾಲ್ಕು ಎಂದು ಬರೆಯುತ್ತಾರೆ.

ಈಗ ದಾಳ ಹಾಕಿ. 1 ಬಿದ್ದರೆ ಆಪರೇಶನ್ 60 ನಿಮಿಷದಲ್ಲಿ ಮುಗಿಯಿತು ಎನ್ನಿ. 2 ಬಿದ್ದರೆ 70, 3ಕ್ಕೆ 80, 4ಕ್ಕೆ 90, 5ಕ್ಕೆ 105, 6ಕ್ಕೆ 135. ಕೂಡಿಸಿ ಆರರಿಂದ ಭಾಗಿಸಿದರೆ ಸರಾಸರಿ ಸರಿಯಾಗಿ 90. ನಿಜವಾದ ಆಪರೇಶನ್‌ಗಳ ನಡತೆಯೂ ಹೀಗೆಯೇ ಇರುತ್ತದೆ. ಬೇಗ ಮುಗಿದರೆ ಸ್ವಲ್ಪ ಬೇಗ, ಎಳೆದರೆ ಬಹಳ ಎಳೆಯುತ್ತದೆ. ಹೊಟ್ಟೆ ತೆರೆದ ಮೇಲೆ ಒಳಗೆ ಏನಿದೆಯೋ ಯಾರು ಬಲ್ಲರು?

ನಾಲ್ಕು ಸಲ ದಾಳ ಹಾಕಿದರೆ ಒಂದು ದಿನ. ಒಟ್ಟು 1296 ಬಗೆಯಲ್ಲಿ ದಾಳ ಬೀಳಬಹುದು. ಅದರಲ್ಲಿ 600 ಬಗೆಯಲ್ಲಿ ಕೆಲಸ 4 ಗಂಟೆ ದಾಟುತ್ತದೆ. ಅಂದರೆ ನೂರು ದಿನದಲ್ಲಿ ಹೆಚ್ಚುಕಡಿಮೆ 46 ದಿನ ನಾಲ್ಕನೆಯವನ ಕೆಲಸ ಹೊತ್ತಿನೊಳಗೆ ಮುಗಿಯುವುದಿಲ್ಲ. ಒಂದೋ ಸಿಬ್ಬಂದಿ ಕತ್ತಲಾಗುವ ತನಕ ದುಡಿಯಬೇಕು, ಇಲ್ಲವೋ ಅವನು ಡಬ್ಬಿ ಎತ್ತಿಕೊಂಡು ಬಸ್ಸು ಹಿಡಿಯಬೇಕು. ಯಾರೂ ತಪ್ಪು ಮಾಡಿಲ್ಲ, ಯಾರೂ ತಡಮಾಡಿ ಬಂದಿಲ್ಲ, ಅಪಘಾತವೂ ಆಗಿಲ್ಲ. ಆದರೂ 46 ದಿನ!

ಅಪಘಾತದ ಹುಡುಗನನ್ನೂ ಸೇರಿಸಿರಿ. ಅವನ ಆಪರೇಶನ್‌ಗೆ 90, ಮೇಲೆ ತೊಳೆಯಲು 20. ಅಂಥ ದಿನ ನಾಲ್ವರದೂ 4 ಗಂಟೆಯೊಳಗೆ ಮುಗಿಯುವುದು 1296ರಲ್ಲಿ 5 ಸಲ ಮಾತ್ರ. ಅಂದರೆ ತುರ್ತು ರೋಗಿ ಬಾಗಿಲೊಳಗೆ ಕಾಲಿಟ್ಟ ಗಳಿಗೆಯಲ್ಲೇ ಕಾಕಾನ ಪಾಳಿ ಹೋಗಿತ್ತು. ಆದರೆ ಅದನ್ನು ಕಾಕಾನಿಗೆ ಹೇಳಿದ್ದು ಮೂರೂವರೆಗೆ.

ನಾಲ್ಕರ ಬದಲು ಮೂರೇ ಹಚ್ಚಿದರೆ? ತುರ್ತು ಬರದ ದಿನ 216 ಬಗೆಯಲ್ಲಿ ಒಂದೇ ಬಗೆ, ಮೂರೂ ಸಲ 6 ಬಿದ್ದಾಗ ಮಾತ್ರ, ಹೊತ್ತು ಮೀರುತ್ತದೆ. ತುರ್ತು ಬಂದ ದಿನವೂ 216ರಲ್ಲಿ 115 ಬಗೆಯಲ್ಲಿ ಎಲ್ಲ ಹೊತ್ತಿನೊಳಗೆ ಮುಗಿಯುತ್ತದೆ. ಹಾಗಾದರೆ ಮೂರೇ ಹಚ್ಚಬೇಕೇ? ತಾಳಿ, ಅವಸರ ಬೇಡ. ತುರ್ತು ಬರದ ದಿನ ಥಿಯೇಟರ್ ಸುಮಾರು ಎರಡು ತಾಸು ಖಾಲಿ ಬೀಳುತ್ತದೆ. ಹೊರಗೆ ತಿಂಗಳುಗಟ್ಟಲೆ ಪಾಳಿ ಕಾಯುವವರ ಪಟ್ಟಿ ಇನ್ನೂ ಉದ್ದ ಆಗುತ್ತದೆ. ಅವರೂ ರೋಗಿಗಳೇ. ಒಬ್ಬನ ಒಂದು ದಿನದ ಹಸಿವು ಉಳಿಸಲು ಇನ್ನೊಬ್ಬನ ಒಂದು ತಿಂಗಳ ನೋವು ಹೆಚ್ಚಿಸಬಹುದೇ? ಇಲ್ಲಿಗೆ ದಾಳದ ಆಟ ಮುಗಿಯಿತು, ಕಂಪ್ಯೂಟರಿನ ಕೆಲಸ ಸುರುವಾಯಿತು. ಹತ್ತು ಥಿಯೇಟರ್, ಇಪ್ಪತ್ತು ಸರ್ಜನ್ನರು, ಸಾವಿರ ರೋಗಿಗಳಿಗೆ ಕೈಯಿಂದ ದಾಳ ಹಾಕುತ್ತ ಕೂತರೆ ಆಯುಷ್ಯ ಸಾಲದು.

ಹಾಸಿಗೆ ಹಿಡಿದವನಿಗೆ ಹೊಳೆದ ಉಪಾಯ

ಈ ವಿದ್ಯೆ ಹುಟ್ಟಿದ ಸಂಗತಿಯೂ ಮಜವಾಗಿದೆ. 1946ರಲ್ಲಿ ಸ್ತಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ. ಹೊತ್ತು ಹೋಗದೆ ಒಬ್ಬನೇ ಕೂತು ಇಸ್ಪೀಟ್ ಎಲೆ ಹಾಕುತ್ತಿದ್ದ. ಈ ಆಟ ಗೆಲ್ಲುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಲು ಹೋದ. ಲೆಕ್ಕ ಬಗೆಹರಿಯಲಿಲ್ಲ. ಆಗ ತಲೆಗೆ ಬಂತು: ಲೆಕ್ಕ ಯಾಕೆ? ನೂರು ಸಲ ಎಲೆ ಹಾಕಿ, ಎಷ್ಟು ಸಲ ಗೆದ್ದೆ ಎಂದು ಎಣಿಸಿದರಾಯಿತಲ್ಲ! ಈ ಉಪಾಯವನ್ನು ಗೆಳೆಯ ಫಾನ್ ನಾಯ್ಮನ್‌ಗೆ ಹೇಳಿದ. ಜೂಜಿಗೆ ಹೆಸರಾದ ಮಾಂಟೆ ಕಾರ್ಲೋ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಮೊದಲು ಅದು ಬಳಕೆಯಾದದ್ದು ಅಣ್ವಸ್ತ್ರದ ಲೆಕ್ಕಗಳಿಗೆ. ದವಾಖಾನೆಯ ಕಾಟಿನ ಮೇಲಿನ ಉಪಾಯ ದವಾಖಾನೆಗೆ ವಾಪಸು ಬರಲು ಇನ್ನಷ್ಟು ವರ್ಷ ಹಿಡಿಯಿತು.

1952ರಲ್ಲಿ ಇಂಗ್ಲಂಡಿನಲ್ಲಿ ನಾರ್ಮನ್ ಬೇಲಿ ಎಂಬವರು ಹೊರರೋಗಿಗಳ ಪಾಳಿಯ ಮೇಲೆ ಇಂಥ ಪ್ರಯೋಗ ಮಾಡಿ ಪ್ರಕಟಿಸಿದರು. ಕಂಪ್ಯೂಟರ್ ಇಲ್ಲ. ಅಂಕಿಗಳ ಕೋಷ್ಟಕ ಇಟ್ಟುಕೊಂಡು ಕೈಯಿಂದಲೇ ಹುಸಿ ಓಟ. ಡಾಕ್ಟರರು ಒಂದು ನಿಮಿಷ ಖಾಲಿ ಕೂಡ್ರಬಾರದು ಎಂದು ಎಲ್ಲ ರೋಗಿಗಳನ್ನೂ ಒಟ್ಟಿಗೆ ಕರೆಸಿ ಕೂಡಿಸುವ ರೂಢಿ ಅಲ್ಲಿಯೂ ಇತ್ತು. ಮೊದಲಿಗೆ ಇಬ್ಬರನ್ನು ಕರೆಯಿರಿ, ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಕೊಡಿರಿ, ಡಾಕ್ಟರರ ಹೊತ್ತೂ ಹಾಳಾಗುವುದಿಲ್ಲ, ರೋಗಿಯದೂ ಉಳಿಯುತ್ತದೆ ಎಂದು ಬೇಲಿ ತೋರಿಸಿದರು.

1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್, ಜಾನ್ ಥಾಮ್ಸನ್ ಎಂಬಿಬ್ಬರು ಇಡೀ ದವಾಖಾನೆಯ ಭಾಗಗಳನ್ನೇ ಕಂಪ್ಯೂಟರಿನಲ್ಲಿ ಕಟ್ಟಿದ ವರದಿ ಬಂತು. ಹೆರಿಗೆ ವಿಭಾಗ, ಹೊರರೋಗಿ ವಿಭಾಗ, ಆಪರೇಶನ್ ವಿಭಾಗ, ಮೂರೂ ಅದರಲ್ಲಿದ್ದವು. ಅಂದಿನಿಂದ ಇಂದಿನವರೆಗೆ ಈ ವಿದ್ಯೆ ಬೆಳೆಯುತ್ತಲೇ ಬಂದಿದೆ.

ಅದರೊಳಗೆ ಏನೇನು ಹಾಕುತ್ತಾರೆ? ಆಪರೇಶನ್ ಎಂದರೆ ಕತ್ತರಿ ಒಂದೇ ಅಲ್ಲ. ಅರಿವಳಿಕೆ ಡಾಕ್ಟರು ಬೇಕು, ರೋಗಾಣು ಉಳಿಯದಂತೆ ಶುದ್ಧ ಮಾಡಿದ ಸಾಮಾನು ಬೇಕು, ರಕ್ತ ಬೇಕು, ವಾರ್ಡಿನಿಂದ ತರುವ ಗಾಡಿ ಬೇಕು, ಗಾಡಿ ದೂಡುವವನು ಬೇಕು. ಮುಗಿದ ಮೇಲೆ ಎಚ್ಚರ ಆಗುವ ತನಕ ಮಲಗಿಸಲು ಕಾಟು ಬೇಕು, ದೊಡ್ಡ ಆಪರೇಶನ್ ಇದ್ದರೆ ಐಸಿಯು ಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಥಿಯೇಟರ್ ನಿಲ್ಲುತ್ತದೆ. ಎಷ್ಟೋ ಸಲ ಥಿಯೇಟರೂ ಖಾಲಿ, ಸರ್ಜನ್ನರೂ ಖಾಲಿ, ಆದರೆ ಐಸಿಯು ಕಾಟು ಖಾಲಿ ಇಲ್ಲದ್ದರಿಂದ ಆಪರೇಶನ್ ಇಲ್ಲ. ಹುಸಿ ಓಟದಲ್ಲಿ ಈ ಪ್ರತಿ ಕೊಂಡಿಗೂ ಹೊತ್ತು ಬರೆದು, ದಾಳದಂತೆ ಅಂಕಿ ಎಳೆದು, ಒಂದು ವರ್ಷದ ಕೆಲಸವನ್ನು ಕೆಲವೇ ನಿಮಿಷದಲ್ಲಿ ಓಡಿಸಿ ನೋಡುತ್ತಾರೆ. ಗಾಡಿ ದೂಡುವವನು ಇನ್ನೊಬ್ಬ ಇದ್ದರೆ ಏನಾದೀತು? ಹೊತ್ತು ಅಂದಾಜಿಗೆ ಸಿಗುವ ಸಣ್ಣ ಆಪರೇಶನ್ ಮೊದಲು ಮಾಡಿ, ಹೇಗೆಂದು ಗೊತ್ತಿಲ್ಲದ ದೊಡ್ಡದನ್ನು ಕೊನೆಗೆ ಇಟ್ಟರೆ ಏನಾದೀತು? ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಒಬ್ಬ ರೋಗಿಯ ಮೈಯೂ ನೋಯುವುದಿಲ್ಲ.

ಒಂದೇ ಬೇನೆ, ಎರಡು ಮದ್ದು

ಇನ್ನು ನಡೆದ ಎರಡು ಸಂಗತಿ ಕೇಳಿರಿ. ಅಮೆರಿಕದ ಮಿಸೂರಿ ರಾಜ್ಯದಲ್ಲಿ ಸೇಂಟ್ ಜಾನ್ಸ್ ಎಂಬ ದೊಡ್ಡ ದವಾಖಾನೆ. 32 ಥಿಯೇಟರು. 2002ರಲ್ಲಿ ಅಷ್ಟೂ ಭರ್ತಿ. ಕೆಲಸದಲ್ಲಿ ಐದರಲ್ಲಿ ಒಂದು ಪಾಲು ತುರ್ತಿನದು. ತುರ್ತು ಬಂದಾಗಲೆಲ್ಲ ಮೊದಲೇ ದಿನ ಕೊಟ್ಟವರನ್ನು ಹಿಂದಕ್ಕೆ ಸರಿಸುವುದು, ಡಾಕ್ಟರರು ನಡುರಾತ್ರಿ ಕೆಲಸ ಮಾಡುವುದು, ಎಲ್ಲರಿಗೂ ಬೇಸರ. ಹೊರಗಿನಿಂದ ಬಂದ ಸಲಹೆಗಾರರು ಏನು ಹೇಳಿದರು ಗೊತ್ತೇ? ಒಂದು ಥಿಯೇಟರನ್ನು ಯಾರಿಗೂ ಕೊಡಬೇಡಿರಿ, ತುರ್ತಿಗೆಂದು ಖಾಲಿ ಇಡಿರಿ!

ಜಾಗ ಸಾಲದು ಎಂದು ಒದ್ದಾಡುವವರಿಗೆ ಇರುವುದರಲ್ಲೇ ಒಂದು ಬಿಡಿರಿ ಎಂದರೆ ಸಿಟ್ಟು ಬರದೆ ಇದ್ದೀತೇ? ಆದರೂ ಮಾಡಿ ನೋಡಿದರು. ಆಪರೇಶನ್‌ಗಳ ಸಂಖ್ಯೆ ಕಡಿಮೆ ಆಗಲಿಲ್ಲ, ನೂರಕ್ಕೆ 5ರಷ್ಟು ಹೆಚ್ಚಾಯಿತು. ಮಧ್ಯಾಹ್ನ 3ರ ನಂತರದ ಆಪರೇಶನ್‌ಗಳು ನೂರಕ್ಕೆ 45ರಷ್ಟು ಇಳಿದವು. ಕಾರಣ ಸರಳ. ತುರ್ತು ರೋಗಿ ಯಾರು ಎಂದು ಗೊತ್ತಿಲ್ಲ, ಆದರೆ ದಿನಾ ಇಷ್ಟು ಮಂದಿ ಬಂದೇ ಬರುತ್ತಾರೆ ಎಂಬುದು ಗೊತ್ತಿದೆ. ಅಂಗಡಿಯಲ್ಲಿ ಚಿಲ್ಲರೆ ಇಟ್ಟುಕೊಂಡ ಹಾಗೆ. ಯಾರು ಕೇಳುತ್ತಾರೋ ಗೊತ್ತಿಲ್ಲ, ಕೇಳುವವರು ಬರುವುದಂತೂ ಖರೆ. ಇದ್ದ ಚಿಲ್ಲರೆಯನ್ನೆಲ್ಲ ಬೆಳಿಗ್ಗೆಯೇ ಬ್ಯಾಂಕಿಗೆ ಕಟ್ಟಿದರೆ ವ್ಯಾಪಾರ ನಿಂತೀತು.

ಹಾಗಾದರೆ ಒಂದು ಕೋಣೆ ಖಾಲಿ ಇಡುವುದೇ ಮದ್ದು ಎಂದು ಡಂಗುರ ಹೊಡೆಯೋಣವೇ? ನಿಲ್ಲಿರಿ. ಹಾಲಂಡ್ ದೇಶದ ರಾಟರ್‌ಡ್ಯಾಮ್ ಊರಿನಲ್ಲಿ ಎರಾಸ್ಮಸ್ ವೈದ್ಯಕೀಯ ಕೇಂದ್ರವಿದೆ. ಅಲ್ಲಿನ ಅಂಕಿಗಳನ್ನು ಇಟ್ಟುಕೊಂಡು ಇದೇ ಪ್ರಶ್ನೆಯನ್ನು ಕಂಪ್ಯೂಟರ್ ಹುಸಿ ಓಟಕ್ಕೆ ಹಾಕಿದರು. 2007ರಲ್ಲಿ ಪ್ರಕಟವಾದ ಉತ್ತರ ಪೂರಾ ಉಲ್ಟಾ! ತುರ್ತಿಗೆಂದು ಮೀಸಲಿಟ್ಟ ಕೋಣೆಯನ್ನು ಮುಚ್ಚಿ, ಅದರ ಬದಲು ಉಳಿದ ಎಲ್ಲ ಕೋಣೆಗಳಲ್ಲಿಯೂ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟಿರಿ ಎಂದಿತು ಯಂತ್ರ. ಹಾಗೆ ಮಾಡಿದರೆ ತುರ್ತು ರೋಗಿ ಕಾಯುವುದು ಸರಾಸರಿ 74 ನಿಮಿಷದಿಂದ 8 ನಿಮಿಷಕ್ಕೆ ಇಳಿಯುತ್ತದೆ, ಹೊತ್ತು ಮೀರಿ ದುಡಿಯುವುದು ನೂರಕ್ಕೆ 20ರಷ್ಟು ಕಡಿಮೆ ಆಗುತ್ತದೆ ಎಂದು ಲೆಕ್ಕ ಬಂತು.

ಯಾಕೆ? ಮೀಸಲು ಕೋಣೆ ಒಂದೇ ಇದ್ದಾಗ, ಅದರಲ್ಲಿ ಒಬ್ಬ ಮಲಗಿದ್ದಾಗಲೇ ಇನ್ನೊಬ್ಬ ಬಂದರೆ ಅವನು ಕಾಯಬೇಕು. ಹತ್ತು ಹನ್ನೆರಡು ಕೋಣೆಗಳಲ್ಲಿ ಕೆಲಸ ನಡೆದಿದ್ದರೆ, ಎಲ್ಲೋ ಒಂದು ಕಡೆ ಬೇಗ ಒಂದು ಮುಗಿಯುತ್ತದೆ, ಅಲ್ಲಿ ಅವನನ್ನು ಸೇರಿಸಬಹುದು. ಚಿಗರಿ ಬಸ್ಸಿನವರಿಗೆ ಇದು ತಿಳಿಯುತ್ತದೆ. ಮುಂದಿನ ನಿಲ್ದಾಣದಲ್ಲಿ ಹತ್ತುವವರಿಗಾಗಿ ಒಂದು ಇಡೀ ಬಸ್ಸು ಬೇರೆ ಓಡಿಸಬೇಕೋ, ಎಲ್ಲ ಬಸ್ಸುಗಳಲ್ಲಿ ನಾಲ್ಕು ಸೀಟು ಬಿಡಬೇಕೋ? ಬಸ್ಸು ಎಷ್ಟಿವೆ, ಜನ ಎಷ್ಟು, ಯಾವ ಹೊತ್ತಿಗೆ ಎಂಬುದರ ಮೇಲೆ ಉತ್ತರ ಬೇರೆ ಬೇರೆ.

ಇದೇ ಇಡೀ ಮಾತಿನ ತಿರುಳು. ಮಿಸೂರಿಯ ಮದ್ದು ಮಿಸೂರಿಗೆ, ರಾಟರ್‌ಡ್ಯಾಮಿನದು ರಾಟರ್‌ಡ್ಯಾಮಿಗೆ. ಎರಡು ಥಿಯೇಟರ್ ಇರುವ ತಾಲೂಕು ದವಾಖಾನೆಗೆ ಎರಡೂ ಒಗ್ಗಲಿಕ್ಕಿಲ್ಲ. ಪಕ್ಕದ ಮನೆಯವನ ಗುಳಿಗೆ ನುಂಗಿದ ಹಾಗಲ್ಲ ಇದು. ತಮ್ಮ ದವಾಖಾನೆಯ ನಾಡಿ ತಾವೇ ಹಿಡಿದು ನೋಡಬೇಕು. ಆ ನಾಡಿ ಹಿಡಿಯುವ ಬೆರಳೇ ಹುಸಿ ಓಟ.

ಮದುರೈಯ ಎರಡು ಮೇಜು

ಇದೆಲ್ಲ ಶ್ರೀಮಂತ ದೇಶದ ಶೋಕಿ ಎನ್ನುವವರು ಮದುರೈ ಕಡೆ ಒಮ್ಮೆ ನೋಡಲಿ. ಡಾ. ಜಿ. ವೆಂಕಟಸ್ವಾಮಿ ಅವರು ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಕಾಟುಗಳಿಂದ ಸುರು ಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ ಅದು. ಅಲ್ಲಿ ಸರ್ಜನ್ನರಿಗೆ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುತ್ತಿದ್ದಾಗ ಇನ್ನೊಂದರ ಮೇಲೆ ಮುಂದಿನ ರೋಗಿ ತಯಾರು. ಕೈಯಲ್ಲಿನದು ಮುಗಿದೊಡನೆ ಸರ್ಜನ್ನರು ಆ ಕಡೆ ತಿರುಗಿದರಾಯಿತು. ತಯಾರಿಯೆಲ್ಲ ತರಬೇತಿಯಾದ ಹೆಣ್ಣುಮಕ್ಕಳ ಕೈಯಲ್ಲಿ. ಹೀಗೆ ಹೊತ್ತು ಉಳಿಸಿ, ಉಳಿದ ಹೊತ್ತಿನಲ್ಲಿ ಲಕ್ಷಾಂತರ ಬಡವರಿಗೆ ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಕಣ್ಣು ಕೊಟ್ಟಿದ್ದಾರೆ.

ಆದರೆ ಕಣ್ಣಿನ ಪೊರೆ ನಿಮಿಷಗಳ ಕೆಲಸ, ಒಂದರಂತೆ ಒಂದು ನಡೆಯುತ್ತದೆ. ದಾಳದಲ್ಲಿ ಆರೂ ಮುಖದಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಇದ್ದ ಹಾಗೆ. ಅಪಘಾತ, ಹೆರಿಗೆ, ಕರುಳು ಒಡೆದದ್ದು, ಹರ್ನಿಯಾ, ಎಲ್ಲ ಒಂದೇ ಬಾಗಿಲಿಗೆ ಬರುವ ದೊಡ್ಡ ದವಾಖಾನೆಗೆ ಎರಡು ಮೇಜಿನ ಮಂತ್ರ ಒಂದೇ ಸಾಲದು. ಅಲ್ಲಿ ಏರುಪೇರಿನ ಲೆಕ್ಕ ಬೇಕೇ ಬೇಕು.

ಸುಳ್ಳು ತಿನ್ನಿಸಿದರೆ ಸುಳ್ಳೇ ಕಾರುತ್ತದೆ

ಗಣಕಯಂತ್ರ ದೇವರಲ್ಲ. ಗಿರಣಿಗೆ ಜೋಳ ಹಾಕಿದರೆ ಜೋಳದ ಹಿಟ್ಟು, ಉಸುಕು ಹಾಕಿದರೆ ಉಸುಕೇ. ದಾಖಲೆಯಲ್ಲಿ ‘ಮೊದಲ ಆಪರೇಶನ್ 9ಕ್ಕೆ ಆರಂಭ’ ಎಂದು ದಿನಾ ಬರೆದು, ನಿಜವಾಗಿ ಹತ್ತೂಕಾಲಿಗೆ ಕತ್ತರಿ ಎತ್ತಿದರೆ, ಆ ದಾಖಲೆ ಹಾಕಿದ ಹುಸಿ ಓಟ ಪೂರಾ ಹುಸಿಯೇ. ಮೊದಲ ಕೇಸು ತಡವಾದರೆ ಆ ತಡ ಹಿಂದಿನವರ ಮೇಲೆ ಸಾಲದ ಬಡ್ಡಿಯಂತೆ ಬೆಳೆಯುತ್ತದೆ. ಮುಂಜಾನೆಯ ಮೊದಲ ಬಸ್ಸು ತಪ್ಪಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಅಂಜಿಕೆಯೂ ಇದೆ, ಮುಚ್ಚಿಡಬಾರದು. ಹೊತ್ತು ಉಳಿಯುವ ಲೆಕ್ಕ ಕೈಗೆ ಸಿಕ್ಕರೆ, ನರ್ಸಬಾಯಿಯವರ ಮೇಲೆ, ಗಾಡಿ ದೂಡುವವರ ಮೇಲೆ ಇನ್ನೂ ನಾಲ್ಕು ಕೇಸು ಹೇರಲು ಕೆಲವರು ಅದನ್ನೇ ಕೋಲು ಮಾಡಿಕೊಂಡಾರು. ಯಂತ್ರ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಕೋಣೆ ಖಾಲಿ ಇರಬಾರದು ಎಂದು ಕೇಳಿದರೆ ಒಂದು ಪಾಳಿ ಬರುತ್ತದೆ, ರೋಗಿ ಹಸಿದು ವಾಪಸು ಹೋಗಬಾರದು ಎಂದು ಕೇಳಿದರೆ ಇನ್ನೊಂದು ಬರುತ್ತದೆ. ಏನು ಕೇಳಬೇಕು ಎಂಬುದು ಮನುಷ್ಯರ ಕೆಲಸ.

ನಮ್ಮೂರಲ್ಲಿ ಆಗದ ಕೆಲಸವೇ?

ಹುಬ್ಬಳ್ಳಿ-ಧಾರವಾಡಕ್ಕೆ ಈ ವಿಷಯದಲ್ಲಿ ಏನು ಕೊರತೆ? 1957ರಲ್ಲಿ ವೈದ್ಯಕೀಯ ಕಾಲೇಜು ಬಂದ ಊರು ಇದು. ಜನ ಅದನ್ನು ಇಂದಿಗೂ ಕೆಎಂಸಿ, ಕಿಮ್ಸ್ ಎಂದೇ ಕರೆಯುತ್ತಾರೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದ ರೋಗಿಗಳೂ ಇದೇ ಅವಳಿ ನಗರಕ್ಕೆ ಬರುತ್ತಾರೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಲೆಕ್ಕದ ಮಂದಿಗೂ ಬರವಿಲ್ಲ. 2016ರಲ್ಲಿ ಸುರುವಾದ ಐಐಟಿ ಈಗ ಚಿಕ್ಕಮಲ್ಲಿಗವಾಡದಲ್ಲಿದೆ. ಐಐಐಟಿ ಇದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಬಿವಿಬಿ ಎಂದು ಹುಟ್ಟಿದ ಇಂಜಿನಿಯರಿಂಗ್ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿ ನಿಂತಿದೆ. ಹುಸಿ ಓಟಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಸಿಮ್‌ಪೈ ಎಂಬುದು ಅಂಥದೊಂದು. ಕೊನೆಯ ವರ್ಷದ ನಾಲ್ಕು ಹುಡುಗರು, ಒಂದು ಲ್ಯಾಪ್‌ಟಾಪ್, ಒಂದು ದವಾಖಾನೆಯ ಆರು ತಿಂಗಳ ಖರೆ ದಾಖಲೆ, ಇಷ್ಟಿದ್ದರೆ ಕೆಲಸ ಸುರು.

ಅಷ್ಟೂ ಬೇಡ ಎನ್ನುವ ಸಣ್ಣ ದವಾಖಾನೆಯವರು ಒಂದು ನೋಟಬುಕ್ ಇಡಲಿ. ಅದರಲ್ಲಿ ನಾಲ್ಕು ಹೊತ್ತು ಬರೆಯಲಿ: ರೋಗಿ ಥಿಯೇಟರ್ ಒಳಗೆ ಬಂದದ್ದು, ಕತ್ತರಿ ಎತ್ತಿದ್ದು, ಹೊಲಿಗೆ ಮುಗಿದದ್ದು, ರೋಗಿ ಹೊರಗೆ ಹೋದದ್ದು. ವಾಪಸು ಕಳಿಸಿದವರ ಹೆಸರಿನ ಮುಂದೆ ಯಾಕೆ ಕಳಿಸಿದೆವು ಎಂಬ ಒಂದು ಸಾಲು. ಮೂರು ತಿಂಗಳ ನಂತರ ಆ ನೋಟಬುಕ್ ತೆರೆದರೆ ಅರ್ಧ ರೋಗ ಅದರಲ್ಲೇ ಕಾಣುತ್ತದೆ.

ಹಸಿವಿನ ಮಾತೂ ಒಂದಿದೆ. ಈಗಿನ ಅರಿವಳಿಕೆ ಶಾಸ್ತ್ರದ ಸಾಮಾನ್ಯ ನಿಯಮದಂತೆ ಹೆಚ್ಚಿನ ರೋಗಿಗಳು ಆಪರೇಶನ್‌ಗೆ 6 ತಾಸು ಮೊದಲಿನ ತನಕ ಹಗುರ ಆಹಾರ, 2 ತಾಸು ಮೊದಲಿನ ತನಕ ತಿಳಿ ನೀರು ತೆಗೆದುಕೊಳ್ಳಬಹುದು. (ಯಾರಿಗೆ ಯಾವುದು ಎಂಬುದನ್ನು ನಿಮ್ಮ ಡಾಕ್ಟರರೇ ಹೇಳಬೇಕು, ಪತ್ರಿಕೆ ಓದಿ ಯಾರೂ ಉಪ್ಪಿಟ್ಟು ತಿಂದು ಹೋಗಬೇಡಿರಿ!) ಹಾಗಿದ್ದರೂ ರಾತ್ರಿ ಹತ್ತರಿಂದಲೇ ಎಲ್ಲರಿಗೂ ಉಪವಾಸ ಯಾಕೆ? ಯಾರ ಪಾಳಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ್ದಕ್ಕೆ. ಪಾಳಿಯ ಲೆಕ್ಕ ಸರಿಹೋದರೆ ಕಾಕಾನಂಥವರಿಗೆ ಬೆಳಗಿನ ಜಾವ ಒಂದಿಷ್ಟು ಗಂಜಿಯಾದರೂ ಸಿಕ್ಕೀತು. ಅಪಘಾತದ ರೋಗಿ ಬಂದ ಗಳಿಗೆಯಲ್ಲೇ ‘ಅಜ್ಜಾರ, ನಿಮ್ಮದು ಇವತ್ತು ಅನುಮಾನ’ ಎಂದು ಹೇಳುವ ಧೈರ್ಯವೂ ದವಾಖಾನೆಗೆ ಬಂದೀತು.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು, ಒಂದು ಲಕ್ಷ ಜನಕ್ಕೆ ವರ್ಷಕ್ಕೆ 5000 ಆಪರೇಶನ್‌ಗಳಾದರೂ ಆಗಬೇಕು ಎಂದು ಗುರಿ ಹೇಳಿತು. ಅದಕ್ಕೆ ಹೊಸ ಕಟ್ಟಡ ಬೇಕು, ಹೊಸ ಡಾಕ್ಟರರು ಬೇಕು, ನಿಜ. ಅವು ಬರುವಾಗ ಬರಲಿ. ಇದ್ದ ಕೋಣೆ, ಇದ್ದ ಕೈಗಳ ಪಾಳಿ ಸರಿಮಾಡಲು ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಬೇಕಾಗಿಲ್ಲವಲ್ಲ!

ಸೋಮವಾರ ಕಾಕಾ ಮತ್ತೆ ಹೋದರು. ಈ ಸಲ ಮಗ ಮೊದಲೇ ಕೇಳಿಕೊಂಡ: ‘ಸಾಹೇಬ್ರ, ನಮ್ಮಪ್ಪಂದು ಎಷ್ಟನೇ ಪಾಳಿರೀ?’ ಮೊದಲನೇದು ಎಂದರು. ಹತ್ತು ಗಂಟೆಗೆ ಒಳಗೆ ಹೋದ ಕಾಕಾ ಹನ್ನೆರಡಕ್ಕೆ ಹೊರಗೆ. ಈಗ ಆರಾಮಾಗಿದ್ದಾರೆ, ಮೊನ್ನೆ ಕೆರೆ ದಂಡೆಯ ಮೇಲೆ ನಿಧಾನಕ್ಕೆ ಹೆಜ್ಜೆ ಹಾಕುತ್ತ ಸಿಕ್ಕರು.

‘ಅಂತೂ ಆತಲ್ಲ ಕಾಕಾ’ ಎಂದೆವು.

‘ನಂದೇನೋ ಆತು ತಮ್ಮಾ. ನನ್ನ ಬಾಜೂ ಕಾಟಿನ್ಯಾಗ ನವಲಗುಂದ ಕಡೆದೊಂದು ಹೆಣಮಗಳಿತ್ತು. ಅಕೀದು ಅವತ್ತ ನಾಲ್ಕನೇ ಪಾಳಿ. ಸಂಜಿಕ ನೋಡ್ತೀನಿ, ಗಂಟು ಕಟ್ಟಾಕ ಹತ್ತಿದ್ಳು.’

ಆ ತಾಯಿಯನ್ನು ನಾವು ಬಸ್ಸಿನಲ್ಲಿ ಕಾಣಲಿಲ್ಲ. ನವಲಗುಂದದ ಬಸ್ಸು ಬೇರೆ. ಆದರೆ ನಮ್ಮ ಓದುಗರಲ್ಲಿ ಯಾರಾದರೂ ಅಂದು ಆ ಬಸ್ಸಿನಲ್ಲಿ ಇದ್ದಿದ್ದರೆ, ಅವಳಿಗೆ ಸೀಟು ಬಿಟ್ಟುಕೊಟ್ಟಿರಬಹುದು. ನಾವು ನೀವು ಮಾಡುವುದು ಅಷ್ಟೇ. ಉಳಿದದ್ದು ಪಾಳಿ ಬರೆಯುವವರ ಕೈಯಲ್ಲಿದೆ. ಸಂಬಂಧಪಟ್ಟವರು ಒಂದು ನೋಟಬುಕ್ಕನ್ನಾದರೂ ತೆರೆಯುವರೇ?